ರಕ್ತಪಿಶಾಚಿಗೆ ಕಡತ ತೆರೆದ ಗುಮಾಸ್ತ

ಬ್ರಾಮ್ ಸ್ಟೋಕರ್ ಎಂದೊಡನೆ ನೆನಪಾಗುವುದು ‘ಡ್ರಾಕುಲಾ’. ಆದರೆ ಆತ ಪ್ರಕಟಿಸಿದ ಮೊದಲ ಪುಸ್ತಕಕ್ಕೂ ಭೂತಪ್ರೇತಗಳಿಗೂ ಯಾವ ಸಂಬಂಧವೂ ಇರಲಿಲ್ಲ. 1879ರಲ್ಲಿ ಹೊರಬಂದ ಆ ಗ್ರಂಥ ಐರ್ಲೆಂಡಿನ ಪೆಟಿ ಸೆಷನ್ಸ್, ಅಂದರೆ ಕೆಳಹಂತದ ನ್ಯಾಯಾಲಯಗಳ ಗುಮಾಸ್ತರ ಕರ್ತವ್ಯಗಳನ್ನು ವಿವರಿಸುವ ಕೈಪಿಡಿ. ಮೂರೂವರೆ ದಶಕಗಳನ್ನು ಸರ್ಕಾರಿ ಕಡತಗಳ ನಡುವೆ ಕಳೆದ ನಾನು ಈ ಸಂಗತಿ ತಿಳಿದ ಮೇಲೆ ಆ ಕಾದಂಬರಿಯನ್ನು ಬೇರೊಂದು ಬಗೆಯಲ್ಲಿ ಓದತೊಡಗಿದೆ. ಜಗತ್ತಿನ ಅತ್ಯಂತ ಪ್ರಸಿದ್ಧ ಗಾಥಿಕ್ ಕಾದಂಬರಿಯೊಂದರ ಬೆನ್ನೆಲುಬು ಕಚೇರಿಯ ಶಿಸ್ತು ಎಂಬುದು ನನ್ನ ಅಭಿಪ್ರಾಯ. ಅಷ್ಟು ಶಿಸ್ತಿನ ಮನುಷ್ಯನ ಸ್ವಂತ ಲೆಕ್ಕ ಮಾತ್ರ ಕೊನೆಯವರೆಗೂ ತಾಳೆಯಾಗಲಿಲ್ಲ.

ಸ್ಟೋಕರ್ ಹುಟ್ಟಿದ್ದು 1847ರ ನವೆಂಬರ್ 8ರಂದು, ಡಬ್ಲಿನ್ ಸಮೀಪದ ಕ್ಲಾಂಟಾರ್ಫ್‌ನಲ್ಲಿ. ಐರ್ಲೆಂಡಿನ ಮಹಾಕ್ಷಾಮದ ಅತ್ಯಂತ ಭೀಕರ ವರ್ಷ ಅದು. ಏಳು ಮಕ್ಕಳಲ್ಲಿ ಮೂರನೆಯವನಾದ ಆತ ಸುಮಾರು ಏಳನೆಯ ವಯಸ್ಸಿನವರೆಗೆ ಹಾಸಿಗೆ ಹಿಡಿದಿದ್ದ. ಕಾಯಿಲೆ ಏನೆಂಬುದು ಯಾರಿಗೂ ತಿಳಿಯಲಿಲ್ಲ. ತಾಯಿ ಷಾರ್ಲೆಟ್ 1832ರಲ್ಲಿ ಸ್ಲೈಗೋ ಪಟ್ಟಣವನ್ನು ಧ್ವಂಸಗೊಳಿಸಿದ ಕಾಲರಾ ಪಿಡುಗನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡವಳು. ಮುಂದೆ ಮಗನಿಗಾಗಿ ಆ ನೆನಪುಗಳನ್ನು ಬರೆದುಕೊಟ್ಟಳು. ಹಾಸಿಗೆಯಿಂದೆದ್ದ ಹುಡುಗ ಬಲಿಷ್ಠನಾಗಿ ಬೆಳೆದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಕ್ರೀಡಾಪಟುವೆನಿಸಿದ. 1870ರಲ್ಲಿ ಪದವಿ ಪಡೆದ.

ತಂದೆ ಏಬ್ರಹಾಂ ಬ್ರಿಟಿಷ್ ಆಡಳಿತದ ಕೇಂದ್ರವಾಗಿದ್ದ ಡಬ್ಲಿನ್ ಕ್ಯಾಸಲ್‌ನಲ್ಲಿ ಸುಮಾರು ಅರ್ಧ ಶತಮಾನ ದುಡಿದ ನೌಕರ. ಮಧ್ಯಮ ವರ್ಗದ ತಂದೆಗೆ ಮಗನೂ ಸರ್ಕಾರಿ ನೌಕರಿ ಹಿಡಿಯಬೇಕೆಂಬ ಆಸೆ ಇರುವುದು ನಮಗೇನೂ ಅಪರಿಚಿತವಲ್ಲ. ಓದುತ್ತಿರುವಾಗಲೇ ಮಗ ಅದೇ ಕ್ಯಾಸಲ್‌ನ ಗುಮಾಸ್ತನಾದ. ತಂದೆಯಾದರೋ ನಿವೃತ್ತಿಯ ನಂತರ ಕಡಿಮೆ ಖರ್ಚಿನಲ್ಲಿ ಬದುಕಬಹುದೆಂದು ಯೂರೋಪಿಗೆ ತೆರಳಿ, 1876ರಲ್ಲಿ ಇಟಲಿಯಲ್ಲಿ ತೀರಿಕೊಂಡ. ಜೀವಮಾನದ ಸೇವೆಯ ಪ್ರತಿಫಲ ಎಷ್ಟೆಂಬುದು ಸ್ಟೋಕರ್‌ಗೆ ಮನೆಯಲ್ಲೇ ಕಂಡಿತ್ತು.

ಹಗಲು ಕಚೇರಿ, ಸಂಜೆ ರಂಗಭೂಮಿ. 1871ರಿಂದ ‘ಡಬ್ಲಿನ್ ಈವ್ನಿಂಗ್ ಮೇಲ್’ ಪತ್ರಿಕೆಗೆ ಆತ ಸಂಭಾವನೆಯಿಲ್ಲದೆ ನಾಟಕ ವಿಮರ್ಶೆ ಬರೆದ. ಆ ಪತ್ರಿಕೆಯ ಪಾಲುದಾರರಲ್ಲೊಬ್ಬನಾದ ಷೆರಿಡನ್ ಲೆ ಫಾನುವೇ ‘ಕಾರ್ಮಿಲ್ಲಾ’ ಎಂಬ ರಕ್ತಪಿಶಾಚಿಯ ಕಥೆಯನ್ನು ಬರೆದವನು. ಇತ್ತ ಇಲಾಖೆಯಲ್ಲಿ ಸ್ಟೋಕರ್ ಪೆಟಿ ಸೆಷನ್ಸ್ ನ್ಯಾಯಾಲಯಗಳ ತನಿಖಾಧಿಕಾರಿಯಾಗಿ ಬಡ್ತಿ ಪಡೆದು ದೇಶವಿಡೀ ಸುತ್ತಿದ. ಚದುರಿಹೋಗಿದ್ದ ಕಾಯಿದೆ, ಆದೇಶ, ರೂಢಿಗಳನ್ನೆಲ್ಲ ಒಂದೆಡೆ ತಂದು, ಎಲ್ಲ ಗುಮಾಸ್ತರೂ ಒಂದೇ ಪದ್ಧತಿ ಅನುಸರಿಸುವಂತೆ ಮಾಡುವುದೇ ಆತನ ಕೈಪಿಡಿಯ ಉದ್ದೇಶ. ಇಂಥ ಕೆಲಸ ಮಾಡಿದವರಿಗೆ ಗೊತ್ತು: ಇದಕ್ಕೆ ಬೇಕಾದದ್ದು ಪ್ರತಿಭೆಗಿಂತ ಹೆಚ್ಚಾಗಿ ತಾಳ್ಮೆ.

1876ರಲ್ಲಿ ಪ್ರಸಿದ್ಧ ನಟ ಹೆನ್ರಿ ಅರ್ವಿಂಗ್ ಡಬ್ಲಿನ್‌ನಲ್ಲಿ ಅಭಿನಯಿಸಿದ ಹ್ಯಾಮ್ಲೆಟ್ ಕುರಿತು ಸ್ಟೋಕರ್ ಬರೆದ ವಿಮರ್ಶೆ ಇಬ್ಬರ ಸ್ನೇಹಕ್ಕೆ ನಾಂದಿಯಾಯಿತು. ಎರಡು ವರ್ಷಗಳ ನಂತರ ಅರ್ವಿಂಗ್ ಲಂಡನ್ನಿನ ಲೈಸಿಯಂ ರಂಗಮಂದಿರವನ್ನು ವಹಿಸಿಕೊಂಡಾಗ ಸ್ಟೋಕರ್‌ನನ್ನು ವ್ಯವಸ್ಥಾಪಕನನ್ನಾಗಿ ಕರೆದ. ಸ್ಟೋಕರ್ ನಿವೃತ್ತಿವೇತನದ ಭರವಸೆಯುಳ್ಳ ನೌಕರಿಗೆ ರಾಜೀನಾಮೆ ಕೊಟ್ಟ. 1878ರ ಡಿಸೆಂಬರಿನಲ್ಲಿ ಫ್ಲಾರೆನ್ಸ್ ಬಾಲ್ಕಂಬ್‌ಳನ್ನು ಮದುವೆಯಾಗಿ ಲಂಡನ್ನಿಗೆ ಹೊರಟುಬಿಟ್ಟ. ಹಿಂದೆ ಆಸ್ಕರ್ ವೈಲ್ಡ್ ಕೂಡ ಆಕೆಯನ್ನು ಬಯಸಿದ್ದ. ಗುಮಾಸ್ತರ ಕೈಪಿಡಿ ಅಚ್ಚಾಗಿ ಬಂದದ್ದು ಅದರ ಲೇಖಕ ಇಲಾಖೆಯನ್ನೇ ತೊರೆದ ಮೇಲೆ!

ಮುಂದಿನ 27 ವರ್ಷ ಆತನ ದುಡಿಮೆಯೆಲ್ಲ ಇನ್ನೊಬ್ಬನ ಕೀರ್ತಿಗೆ ಸಂದಿತು. ಲೆಕ್ಕಪತ್ರ, ಪತ್ರವ್ಯವಹಾರ, ಟಿಕೆಟ್ ಮಾರಾಟ, ಅತಿಥಿಗಳ ಉಪಚಾರ, ಎಂಟು ಅಮೆರಿಕ ಪ್ರವಾಸಗಳ ಸಿದ್ಧತೆ, ಎಲ್ಲವೂ ಅವನದೇ. 1895ರಲ್ಲಿ ಅರ್ವಿಂಗ್ ನೈಟ್ ಪದವಿ ಪಡೆದ ಮೊದಲ ನಟನಾದ. ಆ ದಿನಗಳಲ್ಲಿ ಸ್ಟೋಕರ್‌ಗೆ ಪರಿಚಯವಿದ್ದವರಲ್ಲಿ, ನಮ್ಮ ಬೇತಾಳ ಕಥೆಗಳನ್ನು 1870ರಲ್ಲಿ ಇಂಗ್ಲಿಷಿಗೆ ರೂಪಾಂತರಿಸಿದ್ದ ರಿಚರ್ಡ್ ಬರ್ಟನ್ ಕೂಡ ಒಬ್ಬ.

ಇಷ್ಟೆಲ್ಲದರ ನಡುವೆ 1890ರಲ್ಲಿ ಸ್ಟೋಕರ್ ಒಂದು ಕಾದಂಬರಿಗಾಗಿ ಟಿಪ್ಪಣಿ ಮಾಡಿಕೊಳ್ಳತೊಡಗಿದ. ಅದು ಮುಗಿಯಲು ಏಳು ವರ್ಷ ಹಿಡಿಯಿತು. ಆ ಬೇಸಿಗೆಯಲ್ಲಿ ವಿಟ್ಬಿ ಎಂಬ ಕಡಲತೀರದ ಊರಿನ ಗ್ರಂಥಾಲಯದಲ್ಲಿ, ಬುಕಾರೆಸ್ಟ್‌ನಲ್ಲಿ ಬ್ರಿಟಿಷ್ ಕಾನ್ಸುಲ್ ಆಗಿದ್ದ ವಿಲಿಯಂ ವಿಲ್ಕಿನ್ಸನ್ 1820ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಸಿಕ್ಕಿತು. ಡ್ರಾಕುಲಾ ಎಂಬ ಹೆಸರು ದೊರೆತದ್ದು ಅಲ್ಲಿಯೇ. 1885ರಲ್ಲಿ ವಿಟ್ಬಿ ದಡಕ್ಕೆ ಬಡಿದ ‘ದಿಮಿತ್ರಿ’ ಎಂಬ ರಷ್ಯನ್ ಹಡಗಿನ ವಿವರಗಳನ್ನು ಕರಾವಳಿ ಕಾವಲುಗಾರರಿಂದ ಬರೆದುಕೊಂಡ. ಕಾದಂಬರಿಯಲ್ಲಿ ಅದು ‘ಡಿಮೀಟರ್’ ಆಯಿತು. ತಲೆಯ ಗಾಯಗಳ ಬಗೆಗೆ ಶಸ್ತ್ರವೈದ್ಯನಾಗಿದ್ದ ಅಣ್ಣನ ಸಲಹೆ ಪಡೆದ. ಟ್ರಾನ್ಸಿಲ್ವೇನಿಯಾಕ್ಕೆ ಆತ ಹೋದದ್ದೇ ಇಲ್ಲ. ಕಡತ ಪೂರ್ಣವಾಗಿದ್ದರೆ ಸ್ಥಳ ಪರಿಶೀಲನೆಯಿಲ್ಲದೆಯೂ ವರದಿ ಬರೆಯಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ನಾನು ಕಂಡಿಲ್ಲ.

ಕಾದಂಬರಿಯೂ ಒಂದು ಕಡತವೇ. ದಿನಚರಿ, ಪತ್ರ, ತಂತಿ ಸಂದೇಶ, ಪತ್ರಿಕಾ ವರದಿಗಳ ಜೋಡಣೆಯೇ ಅದರ ಶರೀರ. ಡ್ರಾಕುಲಾ ಲಂಡನ್ನಿನಲ್ಲಿ ಮನೆ ಕೊಳ್ಳುವುದು ವಕೀಲರ ಮೂಲಕ, ಕ್ರಮಬದ್ಧ ದಾಖಲೆಗಳೊಂದಿಗೆ. ಆತ ತಂದ 50 ಮಣ್ಣಿನ ಪೆಟ್ಟಿಗೆಗಳನ್ನು ಬೆನ್ನಟ್ಟುವವರು ಪತ್ತೆಹಚ್ಚುವುದು ಸಾಗಣೆಯ ರಸೀದಿಗಳಿಂದ. ಜೊನಾಥನ್ ಮತ್ತು ಮೀನಾ ಹಾರ್ಕರ್ ದಂಪತಿಯ ಪ್ರೇಮ ಕಥೆಯ ಜೀವಾಳವಾದರೆ, ಶೀಘ್ರಲಿಪಿ, ಬೆರಳಚ್ಚು ಬಲ್ಲ, ರೈಲುವೇಳಾಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡ ಮೀನಾಳೇ ಗೆಲುವಿನ ಮೂಲ. ಪಿಶಾಚಿ ಮೂಲ ದಾಖಲೆಗಳನ್ನು ಸುಟ್ಟರೂ ಆಕೆ ಬೆರಳಚ್ಚಿಸಿದ ಇನ್ನೊಂದು ಪ್ರತಿ ಕಪಾಟಿನಲ್ಲಿ ಭದ್ರವಾಗಿರುತ್ತದೆ. ಓದುಗರ ಮೈ ಜುಮ್ಮೆನ್ನುವುದು ಈ ನಿರ್ಲಿಪ್ತ ದಾಖಲೆಗಳ ನಡುವೆ ಅಸಾಧ್ಯವಾದದ್ದು ಇಣುಕಿದಾಗ. ಅಲಂಕಾರದ ಭಾಷೆಗೆ ಆ ಶಕ್ತಿ ಇರುತ್ತಿರಲಿಲ್ಲ.

1897ರ ಮೇ 18ರಂದು, ನಾಟಕದ ಹಕ್ಕನ್ನು ಕಾಯ್ದುಕೊಳ್ಳಲೆಂದೇ ಸ್ಟೋಕರ್ ಲೈಸಿಯಂನಲ್ಲಿ ಕೃತಿಯ ರಂಗವಾಚನ ಏರ್ಪಡಿಸಿದ. ಅದೇ ತಿಂಗಳ 26ರಂದು ಪುಸ್ತಕ ಪ್ರಕಟವಾಯಿತು. ಬೆಲೆ ಆರು ಷಿಲಿಂಗ್. ವಿಮರ್ಶೆಗಳು ಬಹುಮಟ್ಟಿಗೆ ಚೆನ್ನಾಗಿದ್ದವು; ಸಂಪತ್ತು ಬರಲಿಲ್ಲ. ಮರುವರ್ಷ ಲೈಸಿಯಂನ ರಂಗಸಜ್ಜಿಕೆಗಳ ಉಗ್ರಾಣ ಬೆಂಕಿಗೆ ಆಹುತಿಯಾಯಿತು. 1905ರಲ್ಲಿ ಅರ್ವಿಂಗ್ ತೀರಿಕೊಂಡ. 58ರ ಅಂಚಿನಲ್ಲಿದ್ದ ಸ್ಟೋಕರ್‌ಗೆ ಉದ್ಯೋಗವೂ ಇಲ್ಲ, ನಿವೃತ್ತಿವೇತನವೂ ಇಲ್ಲ. ಪಾರ್ಶ್ವವಾಯು ಬಡಿದ ಮೇಲೂ ಬರೆಯುತ್ತಲೇ ಹೋದ. 1911ರಲ್ಲಿ ಸಂಕಷ್ಟದಲ್ಲಿರುವ ಲೇಖಕರಿಗೆ ನೆರವಾಗುವ ರಾಯಲ್ ಲಿಟರರಿ ಫಂಡ್‌ಗೆ ಅರ್ಜಿ ಹಾಕಿ 100 ಪೌಂಡ್ ಪಡೆದ. 1912ರ ಏಪ್ರಿಲ್ 20ರಂದು, ಟೈಟಾನಿಕ್ ಮುಳುಗಿದ ಐದು ದಿನಗಳ ನಂತರ, ಲಂಡನ್ನಿನಲ್ಲಿ ನಿಧನನಾದ.

ಉಳಿದ ಲೆಕ್ಕ ಫ್ಲಾರೆನ್ಸ್‌ಳ ಪಾಲಿಗೆ ಬಂತು. 1913ರಲ್ಲಿ ‘ಡ್ರಾಕುಲಾ’ದ ಟಿಪ್ಪಣಿಗಳು ಹರಾಜಿನಲ್ಲಿ ಎರಡು ಪೌಂಡಿಗಿಂತ ತುಸು ಹೆಚ್ಚು ಬೆಲೆಗೆ ಹೋದವು, ಇಂದು ಅವು ಫಿಲಡೆಲ್ಫಿಯಾದ ರೋಸೆನ್‌ಬಾಕ್ ಸಂಗ್ರಹಾಲಯದ ಆಸ್ತಿ. 1922ರಲ್ಲಿ ಜರ್ಮನ್ ಸಂಸ್ಥೆಯೊಂದು ಅನುಮತಿಯಿಲ್ಲದೆ ‘ನೊಸ್ಫೆರಾಟು’ ಚಿತ್ರ ತಯಾರಿಸಿತು. ಆಕೆ ವರ್ಷಗಟ್ಟಲೆ ಹೋರಾಡಿ, 1925ರಲ್ಲಿ ಅದರ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂಬ ನ್ಯಾಯಾಲಯದ ಆದೇಶ ಪಡೆದಳು. ಸಂಸ್ಥೆ ದಿವಾಳಿಯಾಗಿದ್ದರಿಂದ ಹಣ ಬರಲಿಲ್ಲ. ಚಿತ್ರದ ಕೆಲವು ಪ್ರತಿಗಳೂ ಉಳಿದುಕೊಂಡವು. 1931ರ ಹಾಲಿವುಡ್ ಚಿತ್ರಕ್ಕಾಗಿ ಕೊಟ್ಟ 40 ಸಾವಿರ ಡಾಲರುಗಳಲ್ಲಿ ಆಕೆಗೆ ಸಿಕ್ಕಿದ್ದು ಒಂದು ಪಾಲು. ಅಮೆರಿಕದಲ್ಲಿ ಕೃತಿಸ್ವಾಮ್ಯದ ವಿಧಿಗಳೆಲ್ಲ ಪೂರೈಸಿರಲಿಲ್ಲವಾದ್ದರಿಂದ ಆ ದೇಶದಲ್ಲಿ ಕಾದಂಬರಿ ಸಾರ್ವಜನಿಕ ಸ್ವತ್ತೆನಿಸಿತು. ಗುಮಾಸ್ತರಿಗೆ ಕೈಪಿಡಿ ಬರೆದವನ ಕೃತಿಗೇ ಈ ಗತಿ ಬಂದದ್ದು ವಿಪರ್ಯಾಸ. ಫ್ಲಾರೆನ್ಸ್ 1937ರಲ್ಲಿ ತೀರಿಕೊಂಡಳು.

ಬೆಲೆ ಮತ್ತು ಮೌಲ್ಯ ಬೇರೆಬೇರೆ ಎಂದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೇ ನಾವು ಓದುತ್ತೇವೆ. ಸ್ಟೋಕರ್ ಕ್ಯಾಸಲ್‌ನಲ್ಲೇ ಉಳಿದಿದ್ದರೆ ಮುಪ್ಪಿನಲ್ಲಿ ಸಹಾಯಧನಕ್ಕೆ ಅರ್ಜಿ ಬರೆಯುವ ಪ್ರಸಂಗ ಬಹುಶಃ ಬರುತ್ತಿರಲಿಲ್ಲ. ‘ಡ್ರಾಕುಲಾ’ವೂ ಬರುತ್ತಿತ್ತೋ ಇಲ್ಲವೋ. ತಿಂಗಳ ಮೊದಲ ದಿನ ತಪ್ಪದೆ ನಿವೃತ್ತಿವೇತನ ಪಡೆಯುವ ನಾನು ಆತನ ನಿರ್ಧಾರವನ್ನು ಅವಿವೇಕವೆನ್ನಲಾರೆ. ಆದರೆ ಆ ನಿರ್ಧಾರದ ವೆಚ್ಚವನ್ನು ಭರಿಸಿದವರು ಆತ ಮತ್ತು ಆತನ ಹೆಂಡತಿ. ಲಾಭ ಕಂಡವರು ಆತನನ್ನು ಎಂದೂ ಕಾಣದ ರಂಗಮಂದಿರಗಳು, ಚಿತ್ರ ಸಂಸ್ಥೆಗಳು, ಮತ್ತು ಒಂದು ಶತಮಾನಕ್ಕೂ ಮಿಕ್ಕಿ ಆ ಕಥೆಗೆ ಬೆಚ್ಚುತ್ತ ಬಂದಿರುವ ನಾವು.