ಪಕ್ಷಿತಜ್ಞ ಸಲೀಂ ಅಲಿಯವರು

ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡಿಗರಾದ ನಮಗೆ ಗಡಿಯ ಚಿಂತೆ ತಪ್ಪಿದ್ದಲ್ಲ. ಹಕ್ಕಿಗಳು ಮಾತ್ರ ಗಡಿಯನ್ನರಿಯವು. ಹಿಂದೂಪುರದ ಸೀಮೆಯ ವೀರಾಪುರದ ಹುಣಿಸೆಮರಗಳಲ್ಲಿ ಗೂಡುಕಟ್ಟುವ ಬಣ್ಣದ ಕೊಕ್ಕರೆಯೇ ಕಾವೇರಿಯ ರಂಗನತಿಟ್ಟಿನಲ್ಲಿಯೂ ಮರಿಮಾಡುತ್ತದೆ. ಆ ರಂಗನತಿಟ್ಟನ್ನು ಪಕ್ಷಿಗಳಿಗೆ ಉಳಿಸಿಕೊಟ್ಟ ಮಹನೀಯರ ಚರಿತ್ರೆಯನ್ನು ನಮ್ಮ ಮಕ್ಕಳು ತಿಳಿದಿರುವುದು ಉಚಿತ.

ಸಲೀಂ ಅಲಿಯವರು 1896ನೆಯ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳವೆಯಲ್ಲಿಯೇ ತಾಯಿತಂದೆಗಳನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಬಾಲಕರಾಗಿದ್ದಾಗ ತಾವು ಹೊಡೆದುರುಳಿಸಿದ ಗುಬ್ಬಚ್ಚಿಯೊಂದರ ಕೊರಳಲ್ಲಿ ಹಳದಿಯ ಮಚ್ಚೆಯನ್ನು ಕಂಡರು. ಅದಾವ ಹಕ್ಕಿಯೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದಾಗ, ಕಾರ್ಯದರ್ಶಿ ಮಿಲ್ಲಾರ್ಡರು ಅಲ್ಲಿಯ ಪಕ್ಷಿಸಂಗ್ರಹವನ್ನೆಲ್ಲ ತೆರೆದು ತೋರಿಸಿದರು. ಕೊಂದ ಹಕ್ಕಿಯಿಂದ ಹುಟ್ಟಿದ ಕುತೂಹಲವೇ ಮುಂದೆ ಹಕ್ಕಿಗಳನ್ನು ಕಾಯುವ ವ್ರತವಾಯಿತು.

ಬರ್ಲಿನ್ ನಗರದಲ್ಲಿ ಸ್ಟ್ರೆಸೆಮನ್ನರ ಬಳಿ ಅಭ್ಯಾಸಮಾಡಿ 1930ರಲ್ಲಿ ಮರಳಿದಾಗ ಅವರಿಗೆ ಉದ್ಯೋಗವಿರಲಿಲ್ಲ. ಕಡಲತೀರದ ಕಿಹೀಮ್ ಗ್ರಾಮದಲ್ಲಿ ನೆಲಸಿ ಗೀಜಗನ ಸಂಸಾರವನ್ನು ತಾಳ್ಮೆಯಿಂದ ನಿರೀಕ್ಷಿಸಿದರು. ಗಂಡು ಗೂಡನ್ನು ಅರ್ಧ ಹೆಣೆಯುವುದು, ಹೆಣ್ಣು ಪರೀಕ್ಷಿಸಿ ಒಪ್ಪಿದರೆ ಮಾತ್ರ ಪೂರ್ತಿಮಾಡುವುದು, ಬಳಿಕ ಮತ್ತೊಂದು ಗೂಡಿಗೆ ತೊಡಗುವುದು ಇವೆಲ್ಲವನ್ನೂ ಅವರು ಬರೆದಿಟ್ಟರು.

ವೆಚ್ಚವನ್ನಷ್ಟೇ ಸ್ವೀಕರಿಸಿ, ಸಂಬಳವಿಲ್ಲದೆ, ದೇಶೀಯ ಸಂಸ್ಥಾನಗಳ ಪಕ್ಷಿಸಮೀಕ್ಷೆಗೆ ಹೊರಟರು. ಕಾಡಿನ ಬಿಡಾರಗಳಲ್ಲಿ ಪತ್ನಿ ತೆಹಮಿನಾ ಜೊತೆಗಿದ್ದರು. 1939ರಲ್ಲಿ ಆಕೆ ತೀರಿಕೊಂಡರು. ದುಃಖವನ್ನು ನುಂಗಿಕೊಂಡೇ 1939-40ರಲ್ಲಿ ಅವರು ಮೈಸೂರು ಸಂಸ್ಥಾನವನ್ನು ಸುತ್ತಿದರು. ಅವರ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮರುವರ್ಷ ಭಾರತದ ಹಕ್ಕಿಗಳನ್ನು ಸಾಮಾನ್ಯರಿಗೆ ಪರಿಚಯಿಸುವ ಅವರ ಗ್ರಂಥ ಪ್ರಕಟವಾಯಿತು. ರಿಪ್ಲಿಯವರೊಡನೆ ರಚಿಸಿದ ಹತ್ತು ಸಂಪುಟಗಳ ಮಹಾಗ್ರಂಥ 1968ರಿಂದ 1974ರವರೆಗೆ ಹೊರಬಂದಿತು. 1976ರಲ್ಲಿ ಪದ್ಮವಿಭೂಷಣ ಸಂದಿತು.

1900ರ ಬಳಿಕ ಕಾಣದೆ, ಅಳಿಯಿತೆಂದೇ ಎಣಿಸಿದ್ದ ಜೆರ್ಡನ್ ಕೋರ್ಸರ್ ಎಂಬ ಇರುಳುಹಕ್ಕಿಯನ್ನು 1986ರ ಜನವರಿಯಲ್ಲಿ ನೆರೆಯ ಕಡಪಾ ಜಿಲ್ಲೆಯ ಕುರುಚಲು ಕಾಡಿನಲ್ಲಿ ಅದೇ ಸೊಸೈಟಿಯವರು ಮತ್ತೆ ಕಂಡುಹಿಡಿದರು. ಅದನ್ನು ಕೈಗೆ ದೊರಕಿಸಿದವನು ಆ ಊರಿನವನೇ ಆದ ಒಬ್ಬ ಹಕ್ಕಿಬೇಟೆಗಾರ. ಊರವರ ಅರಿವಿಲ್ಲದೆ ಪಂಡಿತರ ವಿದ್ಯೆ ಪೂರ್ಣವಾಗದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಮರುವರ್ಷ, 1987ನೆಯ ಜೂನ್ 20ರಂದು, ಸಲೀಂ ಅಲಿಯವರು ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ನಿಧನರಾದರು.

ವೀರಾಪುರದ ಜನರು ಕೊಕ್ಕರೆಗಳನ್ನು ಮನೆಯ ಮಕ್ಕಳಂತೆ ಕಾಯುತ್ತಾರೆ. ಆದರೆ ಕೆರೆಯಲ್ಲಿ ನೀರಿಲ್ಲದಿದ್ದರೆ ಮೀನಿಲ್ಲ. ಮೀನಿಲ್ಲದಿದ್ದರೆ ಮರಿಗಳಿಗೆ ಗುಟುಕಿಲ್ಲ. ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲಿ ಕೆರೆಯನ್ನು ಕಾಯುವುದೇ ಹಕ್ಕಿಯನ್ನು ಕಾಯುವ ದಾರಿ. ಕೊಕ್ಕರೆಗಳು ಎಂದು ಬಂದುವು, ಎಷ್ಟು ಗೂಡು ಕಟ್ಟಿದುವು, ಎಂದು ಮರಳಿದುವು ಎಂಬುದನ್ನು ನಮ್ಮ ಶಾಲೆಗಳ ಮಕ್ಕಳು ವರ್ಷವರ್ಷವೂ ಕನ್ನಡದಲ್ಲಿ ಬರೆದಿಡಲಿ. ಸಲೀಂ ಅಲಿಯವರ ಸ್ಮರಣೆಗೆ ನಾವು ಸಲ್ಲಿಸಬಹುದಾದ ಗೌರವ ಅದೇ.