ವಿಲಿಯಂ ಹಾರ್ವೆ

ವೈಶಾಖದ ಬಿಸಿಲಿನಲ್ಲಿ ಅಹಮದಾಬಾದಿನ ಬೀದಿಗಳನ್ನು ಸುತ್ತಿ ಬಂದು ಕೈ ನೋಡಿಕೊಂಡರೆ, ಮುಂಗೈಯ ನೀಲಿ ನಾಳಗಳು ಹುರಿಯಂತೆ ಉಬ್ಬಿ ಕಾಣುತ್ತವೆ. ದೇಹದ ತಾಪವನ್ನು ಹೊರಚೆಲ್ಲುವುದಕ್ಕಾಗಿ ಚರ್ಮದ ರಕ್ತನಾಳಗಳು ಹಿಗ್ಗುವುದೇ ಇದಕ್ಕೆ ಕಾರಣ. ಕೃಶಕಾಯರಲ್ಲಿಯೂ ವೃದ್ಧರಲ್ಲಿಯೂ ಇವು ಇನ್ನಷ್ಟು ಸ್ಪಷ್ಟ. ಒಳಗಿನ ರಕ್ತವು ನೀಲಿಯಲ್ಲ, ಕಡುಗೆಂಪು. ಚರ್ಮವನ್ನು ಹೊಕ್ಕು ಮರಳುವ ಬೆಳಕು ನಾಳವನ್ನು ನೀಲಿಯಾಗಿ ತೋರಿಸುತ್ತದೆ. ಈ ನಾಳಗಳನ್ನೇ ಸಾಕ್ಷಿಗೆ ಕರೆದ ಮಹನೀಯನೊಬ್ಬನ ಚರಿತ್ರೆಯನ್ನು ಇಲ್ಲಿ ಹೇಳಬಯಸುತ್ತೇವೆ.

ಹಾರ್ವೆ 1578ರ ಏಪ್ರಿಲ್ 1ರಂದು ಇಂಗ್ಲೆಂಡಿನ ಕಡಲತೀರದ ಫೋಕ್‌ಸ್ಟನ್ ಎಂಬ ಊರಿನಲ್ಲಿ ಜನಿಸಿದನು. ಕೇಂಬ್ರಿಜ್ಜಿನಲ್ಲಿ ಓದಿ, ಇಟಲಿಯ ಪಾದುವಾದಲ್ಲಿ 1602ರಲ್ಲಿ ವೈದ್ಯಪದವಿ ಪಡೆದನು. ಅಲ್ಲಿನ ಗುರು ಫಾಬ್ರಿಸಿಯಸನು ಅಭಿಧಮನಿಗಳೊಳಗಿನ ಪುಟ್ಟ ಕವಾಟಗಳನ್ನು ಬಲ್ಲವನು. ಅವು ರಕ್ತದ ವೇಗವನ್ನು ತಗ್ಗಿಸಲು ಇರುವುವೆಂದು ತಿಳಿದಿದ್ದನು. ಯಕೃತ್ತಿನಲ್ಲಿ ಹುಟ್ಟಿದ ರಕ್ತವು ಅಂಗಾಂಗಗಳಿಗೆ ಹರಿದು ಅಲ್ಲಿಯೇ ಇಂಗುವುದೆಂದು ಗ್ಯಾಲೆನನ ಕಾಲದಿಂದ ಪಂಡಿತರ ನಂಬಿಕೆ.

ಸರ್ ಥಾಮಸ್ ರೋ ಜಹಾಂಗೀರನ ಆಸ್ಥಾನಕ್ಕೆಂದು ಸೂರತ್ತಿಗೆ ಬಂದಿಳಿದ 1615ರಲ್ಲಿಯೇ ಹಾರ್ವೆ ಲಂಡನ್ನಿನ ವೈದ್ಯರ ಕಾಲೇಜಿನಲ್ಲಿ ಉಪನ್ಯಾಸಕನಾದನು. ಆತನ ಗ್ರಂಥ ಹೊರಬಂದದ್ದು 1628ರಲ್ಲಿ. 72 ಪುಟಗಳ ಚಿಕ್ಕ ಪುಸ್ತಕ. ತೋಳಿಗೆ ಪಟ್ಟಿ ಬಿಗಿದರೆ ಮುಂಗೈಯ ನಾಳಗಳು ಉಬ್ಬಿ, ಕವಾಟವಿರುವೆಡೆ ಗಂಟುಗಳು ಕಾಣುತ್ತವೆ. ಒಂದು ಬೆರಳಿನಿಂದ ನಾಳವನ್ನು ಒತ್ತಿಹಿಡಿದು, ಇನ್ನೊಂದರಿಂದ ರಕ್ತವನ್ನು ಮೇಲಿನ ಗಂಟಿನಾಚೆಗೆ ನೀವಿದರೆ ನಡುವಣ ಭಾಗ ಬರಿದಾಗುತ್ತದೆ. ಮೇಲಿನ ಬೆರಳನ್ನು ತೆಗೆದರೂ ರಕ್ತ ಕೆಳಗಿಳಿಯದು. ಕೆಳಗಿನದನ್ನು ತೆಗೆದೊಡನೆ ತುಂಬಿಕೊಳ್ಳುವುದು. ಪಟ್ಟಿಯ ಗೋಜಿಲ್ಲದೆ, ಕೈ ಇಳಿಬಿಟ್ಟು ನಾವೂ ಇದನ್ನು ಮಾಡಿ ನೋಡಿದೆವು. ಹಾಗಾದರೆ ಈ ನಾಳಗಳ ರಕ್ತ ಹೃದಯದ ಕಡೆಗೆ ಮಾತ್ರ ಸಾಗಬಲ್ಲದು. ಕಾಲಿನ ಕವಾಟಗಳು ಸಡಿಲಗೊಂಡವರಲ್ಲಿ ರಕ್ತ ಕೆಳಗೆ ತಂಗಿ ನಾಳಗಳು ಸುರುಳಿಗಟ್ಟುವುದೂ ಇದರಿಂದಲೇ. ಹಾರ್ವೆ ಲೆಕ್ಕವನ್ನೂ ಹಾಕಿದನು: ಹೃದಯವು ಅರ್ಧ ಗಂಟೆಯಲ್ಲಿ ಹೊರದೂಡುವ ರಕ್ತ ಇಡೀ ದೇಹದಲ್ಲಿರುವುದಕ್ಕಿಂತ ಹೆಚ್ಚು. ಅಷ್ಟನ್ನು ಯಾವ ಆಹಾರ ಒದಗಿಸೀತು? ಇದ್ದ ರಕ್ತವೇ ಸುತ್ತಿ ಬರಬೇಕು.

ಪ್ಯಾರಿಸ್ಸಿನ ರಿಯೊಲಾನನಂಥ ಪಂಡಿತರು ವಿರೋಧಿಸಿದರು. ರಾಜವೈದ್ಯನಾಗಿದ್ದರೂ ಹಾರ್ವೆಯ ಬಳಿಗೆ ಬರುವ ರೋಗಿಗಳು ಕಡಮೆಯಾದರು. 1642ರ ಅಂತರ್ಯುದ್ಧದಲ್ಲಿ ಸೈನಿಕರು ಆತನ ವಸತಿಗೆ ನುಗ್ಗಿ ಕೊಳ್ಳೆಹೊಡೆದಾಗ, ಕೀಟಗಳನ್ನು ಕುರಿತ ಅನೇಕ ವರ್ಷಗಳ ಬರಹಗಳು ಹಾಳಾದವು. ಆ ನಷ್ಟ ಆತನಿಗೆ ಎಲ್ಲಕ್ಕಿಂತ ದೊಡ್ಡದಾಗಿತ್ತು.

ಒಂದು ಕೊರತೆ ಉಳಿದಿತ್ತು. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಹಾದಿಯನ್ನು ಹಾರ್ವೆ ಕಾಣಲಿಲ್ಲ. ಇದೆಯೆಂದು ತರ್ಕದಿಂದ ಮಾತ್ರ ಅರಿತಿದ್ದನು. 1657ರ ಜೂನ್ 3ರಂದು ತೀರಿಕೊಂಡನು. ಕಪ್ಪೆಯ ಶ್ವಾಸಕೋಶದಲ್ಲಿ ಆ ಕೂದಲೆಳೆಯ ನಾಳಗಳನ್ನು ಮಾಲ್ಪಿಗಿ ಸೂಕ್ಷ್ಮದರ್ಶಕದಿಂದ ಕಂಡು ಪ್ರಕಟಿಸಿದ್ದು 1661ರಲ್ಲಿ.