ಮಕ್ಕಳ ತೋಟದ ಶಿಲ್ಪಿ

ದೇವನಹಳ್ಳಿಯ ಕಡೆಯ ಹೆಣ್ಣುಮಕ್ಕಳು ಒದ್ದೆ ಮರಳಿನಲ್ಲಿ ಕಾಲು ಹುದುಗಿಸಿ ಗುಬ್ಬಿಗೂಡು ಕಟ್ಟಿದರೆ ಹಿರಿಯರು ಅದನ್ನು ಬರಿಯ ಆಟವೆನ್ನುತ್ತಾರೆ. ಅಂತಹ ಆಟವೇ ಕಲಿಕೆಯೆಂದು ಸಾರಿದವನು ಜರ್ಮನಿಯ ಫ್ರೀಡ್ರಿಕ್ ಫ್ರೊಬೆಲ್.

1782ರಲ್ಲಿ ಜನಿಸಿದ ಈತನು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡನು. ವಾಸ್ತುಶಿಲ್ಪವನ್ನು ಕಲಿಯಲೆಂದು 1805ರಲ್ಲಿ ಫ್ರಾಂಕ್‌ಫರ್ಟಿಗೆ ಹೋದವನು ಅಲ್ಲಿ ಉಪಾಧ್ಯಾಯನಾದನು. ಕಟ್ಟಡ ಕಟ್ಟಬೇಕೆಂದಿದ್ದ ಕೈಗಳು ಮಕ್ಕಳಿಗಾಗಿ ಆಟದ ಸಾಮಾನುಗಳನ್ನು ರೂಪಿಸಿದವು: ಉಣ್ಣೆಯ ಚೆಂಡು, ಮರದ ಗೋಳ, ಎಂಟು ಪುಟ್ಟ ಘನಗಳಾಗಿ ಬಿಡಿಸಬಹುದಾದ ಒಂದು ಘನ. ಅವುಗಳಿಂದ ಬಾಗಿಲು, ಮೆಟ್ಟಿಲು, ಸೇತುವೆಗಳನ್ನು ಕಟ್ಟಿ ಕೆಡಹುತ್ತ ಮಗುವು ಅಳತೆ, ಭಾರ, ಸಮತೋಲಗಳನ್ನು ತಾನಾಗಿಯೇ ಅರಿಯುತ್ತಿತ್ತು. 1840ರಲ್ಲಿ ತನ್ನ ಶಾಲೆಯನ್ನು ಅವನು ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂದು ಕರೆದನು. ಅಲ್ಲಿ ಹುಡುಗಿಯರಿಗೂ ಹುಡುಗರಿಗೂ ಅವೇ ಮರದ ತುಂಡುಗಳು. ಕಲಿಸುವುದಕ್ಕೆ ತರುಣಿಯರನ್ನು ಸಿದ್ಧಗೊಳಿಸಿದನು. ಆ ಕಾಲಕ್ಕೆ ಅದು ಸಣ್ಣ ಸಾಹಸವಲ್ಲ.

1851ರಲ್ಲಿ ಪ್ರಷ್ಯದ ಸರಕಾರವು ಅಣ್ಣನ ಮಗನ ಬರಹಗಳನ್ನು ಇವನವೆಂದೇ ಭ್ರಮಿಸಿ ಈ ಶಾಲೆಗಳನ್ನು ನಿಷೇಧಿಸಿತು. ಮರುವರ್ಷವೇ ಫ್ರೊಬೆಲ್ ಕಣ್ಮುಚ್ಚಿದನು. ಶಿಷ್ಯೆ ಬೆರ್ತಾ ಫಾನ್ ಮಾರೆನ್‌ಹೋಲ್ಟ್ಸ್ ಮಾತ್ರ ಸುಮ್ಮನೆ ಕೂರಲಿಲ್ಲ. 1860ರಲ್ಲಿ ನಿಷೇಧವು ರದ್ದಾಯಿತು.

ಈ ತುಂಡುಗಳೊಡನೆ ಆಡಿ ಬೆಳೆದ ಅಮೆರಿಕದ ಬಾಲಕ ಫ್ರಾಂಕ್ ಲಾಯ್ಡ್ ರೈಟ್ ಮುಂದೆ ಜಗದ್ವಿಖ್ಯಾತ ವಾಸ್ತುಶಿಲ್ಪಿಯಾದನು. ಭಾರತದ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯುವುದು ತಡವಾಯಿತು. ಮುಂಬಯಿಯ ಪೆರಿನ್ ಮಿಸ್ತ್ರಿಯವರು ವಾಸ್ತುಶಿಲ್ಪದಲ್ಲಿ ಡಿಪ್ಲೊಮಾ ಪಡೆದುದು 1930ರ ದಶಕದಲ್ಲಿ.